ಸೊನ್ನೆಯಿಂದ ನೂರು: ಈ ನಂಬರ್ ನಿಜವಾಗಿ ಏನನ್ನು ಅಳೆಯುತ್ತೆ?

ಹಾಸ್ಟೆಲ್‌ನಲ್ಲಿ ಕಾರಿನ ಮಾತು ಶುರುವಾದ್ರೆ ಎರಡನೇ ನಿಮಿಷಕ್ಕೆ ಬರೋ ಪ್ರಶ್ನೆ ಒಂದೇ: "ಝೀರೋ ಟು ಹಂಡ್ರೆಡ್ ಎಷ್ಟು?" ಒಬ್ಬ 3.4 ಅಂತಾನೆ, ಇನ್ನೊಬ್ಬ 2.7 ಅಂತಾನೆ, ಅಲ್ಲಿಗೆ ಚರ್ಚೆ ಮುಗೀತು. ಯಾವ ಕಾರಿನ ನಂಬರ್ ಕಮ್ಮಿಯೋ ಅದೇ ದೊಡ್ಡ ಕಾರು. ನಿಂತಲ್ಲಿಂದ ನೇರ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ಮುಟ್ಟೋಕೆ ಬೇಕಾಗೋ ಈ ಸಮಯ ಒಂದು ಸ್ಪೋರ್ಟ್ಸ್ ಕಾರಿನ ಬಗ್ಗೆ ಏನು ಹೇಳುತ್ತೆ, ಏನು ಹೇಳಲ್ಲ ಅಂತ ಫಸ್ಟ್ ಇಯರ್ ಫಿಸಿಕ್ಸ್ ಇಟ್ಟುಕೊಂಡೇ ಇಲ್ಲಿ ನೋಡೋಣ. ಮೆಕ್ಯಾನಿಕಲ್‌ನವರೇ ಓದಬೇಕು ಅಂತೇನಿಲ್ಲ. ಸಿಎಸ್‌ನವರಿಗೂ ಅರ್ಥ ಆಗುತ್ತೆ, ಕೊನೆಯಲ್ಲಿ ಅವರಿಗೊಂದು ಕೆಲಸಾನೂ ಇದೆ.

ನನ್ನ ನಿಲುವು ಮೊದಲೇ ಹೇಳಿಬಿಡ್ತೀನಿ. ಈ ನಂಬರ್ ಸುಳ್ಳಲ್ಲ, ಕೆಲಸಕ್ಕೆ ಬಾರದ್ದೂ ಅಲ್ಲ. ಆದರೆ ಪರೀಕ್ಷೆ ಹಾಗೇ ಉಳಿದುಕೊಂಡು, ಅದು ಅಳೆಯೋ ವಸ್ತು ಮಾತ್ರ ಬದಲಾಗಿಹೋಗಿದೆ. ನಮ್ಮ ತಾತನ ಕಾಲದಲ್ಲಿ ಅದು ಎಂಜಿನ್ನನ್ನು ಅಳೀತಿತ್ತು. ಈಗಿನ ಕಾರುಗಳಲ್ಲಿ ಹೆಚ್ಚುಕಮ್ಮಿ ಟೈರನ್ನು ಅಳೆಯುತ್ತೆ. ಅದೂ ಟೈರಿನ ಅರ್ಧ ಕೆಲಸ ಮಾತ್ರ.

ಎಂಜಿನ್ ಲೆಕ್ಕ

ಸೊನ್ನೆಯಿಂದ ಗಂಟೆಗೆ 60 ಮೈಲಿ ಅನ್ನೋ ಅಳತೆಯನ್ನ ಜನಪ್ರಿಯ ಮಾಡಿದ ಶ್ರೇಯಸ್ಸು ಅಮೆರಿಕದ ಟಾಮ್ ಮೆಕ್‌ಕಾಹಿಲ್ ಅನ್ನೋ ಪತ್ರಕರ್ತನಿಗೆ ಹೋಗುತ್ತೆ. 1946ರಿಂದ 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಗೆ ಕಾರು ಓಡಿಸಿ ಬರೀತಿದ್ದ ಮನುಷ್ಯ. ಆ ಕಾಲಕ್ಕೆ ಅದು ಒಳ್ಳೆಯ ಅಳತೆಯೇ. ಯಾಕೆ ಅಂತ ಲೆಕ್ಕ ಹಾಕೋಣ.

1500 ಕೆ.ಜಿ. ಕಾರು ತಗೊಳ್ಳಿ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 27.78 ಮೀಟರ್. ಚಲನಶಕ್ತಿ, ಅಂದ್ರೆ ದ್ರವ್ಯರಾಶಿಯ ಅರ್ಧ ಗುಣಿಸು ವೇಗದ ವರ್ಗ, ಸುಮಾರು 579 ಕಿಲೋಜೌಲ್ ಬರುತ್ತೆ. ಚಕ್ರಕ್ಕೆ ಸರಾಸರಿ 50 ಕಿಲೋವ್ಯಾಟ್ ತಲುಪಿದ್ರೆ ಇಷ್ಟು ಶಕ್ತಿ ತುಂಬೋಕೆ 11.6 ಸೆಕೆಂಡು ಬೇಕು. ಅದೇ ಕಾರಿಗೆ 100 ಕಿಲೋವ್ಯಾಟ್ ಕೊಡಿ, 5.8 ಸೆಕೆಂಡು. ಪವರ್ ಎರಡರಷ್ಟು, ಸಮಯ ಅರ್ಧ. ಎಂಜಿನ್ ಬಗ್ಗೆ ಇದಕ್ಕಿಂತ ನೇರವಾಗಿ ಹೇಳೋ ಪರೀಕ್ಷೆ ಬೇಕಾ? ಹತ್ತು-ಹದಿನೈದು ಸೆಕೆಂಡು ತಗೊಳ್ಳೋ ಕಾರುಗಳ ಕಾಲದಲ್ಲಿ ಒಂದು ಸ್ಟಾಪ್‌ವಾಚ್ ಹಿಡಿದುಕೊಂಡ್ರೆ ಸಾಕಾಗಿತ್ತು, ಡೈನೋ ಬೇಕಾಗಿರಲಿಲ್ಲ.

ಈಗ ಪವರ್ ಏರಿಸ್ತಾ ಹೋಗಿ. ಒಂದು ಹಂತದಲ್ಲಿ ಎಂಜಿನ್ "ನಾನು ರೆಡಿ" ಅನ್ನುತ್ತೆ, ಟೈರು "ನನ್ನ ಕೈಲಾಗಲ್ಲ" ಅನ್ನುತ್ತೆ.

ಟೈರ್ ಲೆಕ್ಕ

ಕಾರನ್ನು ಮುಂದಕ್ಕೆ ತಳ್ಳೋದು ಎಂಜಿನ್ ಅಲ್ಲ, ರಸ್ತೆ. ಟೈರು ರಸ್ತೆಯನ್ನ ಹಿಂದಕ್ಕೆ ತಳ್ಳುತ್ತೆ, ರಸ್ತೆ ಕಾರನ್ನ ಮುಂದಕ್ಕೆ ತಳ್ಳುತ್ತೆ. ಈ ಬಲಕ್ಕೆ ಮಿತಿ ಇದೆ: ಘರ್ಷಣೆಯ ಗುಣಾಂಕ, ನಾವೆಲ್ಲ ಮ್ಯೂ ಅಂತ ಕರೆಯೋದು, ಗುಣಿಸು ಟೈರಿನ ಮೇಲಿರೋ ಭಾರ. ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಕಾರಿನಲ್ಲಿ ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದುಹೋಗಿ, ಗರಿಷ್ಠ ಆಕ್ಸಿಲರೇಶನ್ ಅನ್ನೋದು ಮ್ಯೂ ಗುಣಿಸು ಜಿ ಅಷ್ಟೇ ಆಗುತ್ತೆ. ಕನ್ನಡ ಪಠ್ಯಪುಸ್ತಕದಲ್ಲಿ ಆಕ್ಸಿಲರೇಶನ್‌ಗೆ ವೇಗೋತ್ಕರ್ಷ ಅಂತಾರೆ. ಚೆಂದದ ಪದ. ಲ್ಯಾಬಲ್ಲಿ ಯಾರ ಬಾಯಲ್ಲೂ ಕೇಳಿಲ್ಲ, ಅದಕ್ಕೇ ಇಲ್ಲಿ ಒಂದು ಸಲ ಬರೆದುಬಿಟ್ಟೆ.

ಮ್ಯೂ 1 ಅಂತ ಇಟ್ಟುಕೊಂಡ್ರೆ ಆಕ್ಸಿಲರೇಶನ್ 9.81. ಆಗ 27.78 ಮುಟ್ಟೋಕೆ 2.83 ಸೆಕೆಂಡು. ಎಂಜಿನ್ ಎಷ್ಟೇ ದೊಡ್ಡದಿರಲಿ, ಆ ಟೈರಿನಲ್ಲಿ ಇದಕ್ಕಿಂತ ಕಮ್ಮಿ ಬರಲ್ಲ.

ಈಗ ಈ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಲೆಕ್ಕ. ಅದೇ 1500 ಕೆ.ಜಿ. ಕಾರು, ನಾಲ್ಕು ಚಕ್ರದ ಡ್ರೈವ್, ಚಕ್ರಕ್ಕೆ 300 ಕಿಲೋವ್ಯಾಟ್, ಅಂದ್ರೆ ಸುಮಾರು 400 ಹಾರ್ಸ್‌ಪವರ್. ಪವರ್ ಅಂದ್ರೆ ಬಲ ಗುಣಿಸು ವೇಗ. ಹಾಗಾಗಿ ಕಮ್ಮಿ ವೇಗದಲ್ಲಿ ಎಂಜಿನ್ ಕೊಡಬಲ್ಲ ಬಲ ಟೈರು ತಡೆಯೋದಕ್ಕಿಂತ ಜಾಸ್ತಿ. ಈ ಕಾರಿನಲ್ಲಿ ಗಂಟೆಗೆ ಸುಮಾರು 73 ಕಿ.ಮೀ. ತನಕ ಟೈರೇ ಮಿತಿ, ಆಮೇಲಷ್ಟೇ ಎಂಜಿನ್ ಮಿತಿ. 73ರ ತನಕ 2.08 ಸೆಕೆಂಡು, ಅಲ್ಲಿಂದ 100ಕ್ಕೆ 0.89. ಒಟ್ಟು 2.97.

ಸರಿ, ದುಡ್ಡು ಸುರಿದು ಪವರ್ ಡಬಲ್ ಮಾಡಿ. 600 ಕಿಲೋವ್ಯಾಟ್, 800 ಹಾರ್ಸ್‌ಪವರ್. ಈಗ 100ರ ತನಕ ಪೂರ್ತಿ ಟೈರೇ ಮಿತಿ, ಸಮಯ 2.83. ಉಳಿದಿದ್ದು ಎಷ್ಟು? 0.14 ಸೆಕೆಂಡು! ನಾನೂರು ಹಾರ್ಸ್‌ಪವರ್ ಜಾಸ್ತಿ ಹಾಕಿ ಒಂದು ಕಣ್ಣು ಮಿಟುಕಿಸೋವಷ್ಟು ಸಮಯ ಉಳಿಸಿದ್ವಿ.

ಅದೇ ಎರಡು ಕಾರನ್ನ 100ರಿಂದ 200ರ ತನಕ ಓಡಿಸಿ ನೋಡಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ ಮೊದಲನೆಯದಕ್ಕೆ 5.8 ಸೆಕೆಂಡು, ಎರಡನೆಯದಕ್ಕೆ 3.1. ವ್ಯತ್ಯಾಸ ಈಗ ಎದ್ದು ಕಾಣುತ್ತೆ. ಅಂದ್ರೆ ಇವತ್ತಿನ ಶಕ್ತಿಶಾಲಿ ಕಾರಿನ ಎಂಜಿನ್ ಹೇಗಿದೆ ಅಂತ ತಿಳೀಬೇಕಾದ್ರೆ ನೋಡಬೇಕಾದ್ದು 100-200. ನಾವೆಲ್ಲ ಬಾಯಿಪಾಠ ಮಾಡಿಕೊಂಡಿರೋದು ಮಾತ್ರ ಸೊನ್ನೆಯಿಂದ ನೂರನ್ನ.

ಎರಡೇ ಚಕ್ರಕ್ಕೆ ಡ್ರೈವ್ ಇದ್ರೆ ಇನ್ನೂ ಒಂದು ಮಜಾ ಇದೆ. ಕಾರು ಮುಂದಕ್ಕೆ ನುಗ್ಗುವಾಗ ಭಾರ ಹಿಂದಿನ ಚಕ್ರಕ್ಕೆ ವಾಲುತ್ತೆ. ಗುರುತ್ವಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿ, ವೀಲ್‌ಬೇಸ್ ಎರಡೂವರೆ ಮೀಟರ್, ಮ್ಯೂ 1 ಅಂತ ಇಟ್ಟುಕೊಂಡು ಬ್ಯಾಲೆನ್ಸ್ ಬರೆದ್ರೆ, ಭಾರ ಅರ್ಧರ್ಧ ಹಂಚಿಕೊಂಡ ಹಿಂಚಕ್ರ ಡ್ರೈವ್ ಕಾರಿಗೆ ಸಿಗೋ ಗರಿಷ್ಠ ಆಕ್ಸಿಲರೇಶನ್ 0.625 ಜಿ, ಅಂದ್ರೆ 100ಕ್ಕೆ 4.5 ಸೆಕೆಂಡು. ಎಂಜಿನ್ ಹಿಂದೆ ಇಟ್ಟು ಹಿಂಚಕ್ರದ ಮೇಲೆ ನೂರಕ್ಕೆ 60 ಭಾಗ ಭಾರ ಬರೋ ಹಾಗೆ ಮಾಡಿದ್ರೆ 0.75 ಜಿ, 3.8 ಸೆಕೆಂಡು. ಮುಂಚಕ್ರ ಡ್ರೈವ್ ಆಗಿದ್ದು, ಮುಂದೆ 60 ಭಾಗ ಭಾರ ಇದ್ರೆ 0.5 ಜಿ, 5.7 ಸೆಕೆಂಡು. ಟೈರು ಒಂದೇ. ಮೂರರಲ್ಲೂ ಎಂಜಿನ್ ಬೇಕಾದಷ್ಟು ದೊಡ್ಡದು ಅಂತಾನೇ ಇಟ್ಟುಕೊಂಡಿದ್ದೀವಿ. ಪೋರ್ಷೆ 911 ಯಾಕೆ ತನ್ನ ಪವರ್‌ಗೆ ಮೀರಿದ ಹಾಗೆ ಲಾಂಚ್ ಆಗುತ್ತೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ತು. ಅದರ ಎಂಜಿನ್ ಹಿಂದಿನ ಆಕ್ಸಲ್‌ಗೂ ಹಿಂದೆ ಕೂತಿದೆ.

ಅಳೆಯೋ ವಿಧಾನದ ಚಮತ್ಕಾರ

ಇದನ್ನ ಬೇಗ ಮುಗಿಸ್ತೀನಿ. ಅಮೆರಿಕದ ಪತ್ರಿಕೆಗಳು, ಕೆಲವು ಕಂಪನಿಗಳು ಮೊದಲ ಒಂದು ಅಡಿ ಓಡಿದ ಮೇಲೆ ಗಡಿಯಾರ ಶುರು ಮಾಡ್ತಾರೆ. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಚಕ್ರ ಬೆಳಕಿನ ಕಿರಣ ದಾಟಿ ಹೊರಗೆ ಬರೋ ತನಕ ಟೈಮಿಂಗ್ ಶುರುವಾಗಲ್ಲ, ಅಲ್ಲಿಂದ ಬಂದ ಪದ್ಧತಿ. ಒಂದು ಅಡಿ ತಾನೇ ಅನ್ನಬೇಡಿ. 1 ಜಿ ಆಕ್ಸಿಲರೇಶನ್‌ನಲ್ಲಿ ಆ ಒಂದು ಅಡಿಗೆ 0.25 ಸೆಕೆಂಡು ಬೇಕು, ಅಷ್ಟರಲ್ಲಿ ಕಾರು ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿರುತ್ತೆ. ಅಂದ್ರೆ ಅದು ಸೊನ್ನೆಯಿಂದ ಶುರುವಾದ ಪರೀಕ್ಷೆಯೇ ಅಲ್ಲ. ಟೆಸ್ಲಾ ಮಾಡೆಲ್ ಎಸ್ ಪ್ಲೈಡ್‌ನ ಪ್ರಸಿದ್ಧ 1.99 ಸೆಕೆಂಡು ಈ ಒಂದು ಅಡಿ ಕಳೆದ ನಂಬರ್. ಅದರ ಮೇಲೆ 60 ಮೈಲಿ ಅಂದ್ರೆ 96.6 ಕಿ.ಮೀ., 100 ಅಲ್ಲ. ರೀಲ್ಸ್‌ನಲ್ಲಿ ಎರಡು ಕಾರಿನ ನಂಬರ್ ಪಕ್ಕಪಕ್ಕ ಹಾಕೋರು ಒಂದಕ್ಕೆ 60 ಮೈಲಿ, ಇನ್ನೊಂದಕ್ಕೆ 100 ಕಿ.ಮೀ. ಹಾಕಿಬಿಟ್ಟಿರ್ತಾರೆ. ಹತ್ತನೇ ಒಂದು ಸೆಕೆಂಡಿಗೆ ಜಗಳ ಆಡೋ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಗೇರ್ ಕೂಡ ಇದೆ. ಎರಡನೇ ಗೇರಲ್ಲೇ 100 ದಾಟೋ ಹಾಗೆ ರೇಶಿಯೋ ಇಟ್ರೆ ಒಂದು ಶಿಫ್ಟ್ ಉಳಿಯುತ್ತೆ, ನಂಬರ್ ಇಳಿಯುತ್ತೆ. ಕಾರು ಚೆನ್ನಾಗಾಯ್ತಾ? ಇಲ್ಲ, ಬ್ರೋಶರ್ ಚೆನ್ನಾಗಾಯ್ತು.

ಒಂದು ಸೆಕೆಂಡಿಗಿಂತ ಕಮ್ಮಿ

ಟೈರೇ ಮಿತಿ ಅನ್ನೋದಕ್ಕೆ ಅತ್ಯುತ್ತಮ ಪುರಾವೆ ಕೊಟ್ಟಿದ್ದು ಫೆರಾರಿ ಅಲ್ಲ, ನಮ್ಮ ಥರದ ವಿದ್ಯಾರ್ಥಿಗಳು. 2023ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಮತ್ತು ಲೂಸರ್ನ್‌ನ ವಿದ್ಯಾರ್ಥಿಗಳ ತಂಡ 'ಮಿಥೆನ್' ಅನ್ನೋ ಎಲೆಕ್ಟ್ರಿಕ್ ಕಾರಲ್ಲಿ 0.956 ಸೆಕೆಂಡಿಗೆ 100 ಕಿ.ಮೀ. ವೇಗ ಮುಟ್ಟಿ ವಿಶ್ವದಾಖಲೆ ಮಾಡಿತು. ಓಡಿದ ದೂರ 12.3 ಮೀಟರ್. ನಮ್ಮ ಒಂದು ಕ್ಲಾಸ್‌ರೂಮಿನಷ್ಟು ಉದ್ದ.

ಸರಾಸರಿ ಆಕ್ಸಿಲರೇಶನ್ ಲೆಕ್ಕ ಹಾಕಿ: 27.78 ಭಾಗಿಸು 0.956, ಅಂದ್ರೆ 29, ಹತ್ತಿರ ಹತ್ತಿರ 3 ಜಿ. ಬರೀ ಕಾರಿನ ತೂಕದ ಮೇಲೆ ಇಷ್ಟು ಬರಬೇಕಾದ್ರೆ ಮ್ಯೂ ಸರಾಸರಿ 3 ಇರಬೇಕು, ಅಂಥ ಟೈರು ಎಲ್ಲಿದೆ? ಅವರು ಮಾಡಿದ ಉಪಾಯ ಬೇರೆ. ಕಾರಿನ ಅಡಿಯ ಗಾಳಿಯನ್ನ ವ್ಯಾಕ್ಯೂಮ್ ಕ್ಲೀನರ್ ಥರ ಹೀರಿ ಕಾರನ್ನ ನೆಲಕ್ಕೆ ಅಂಟಿಸಿದ್ರು. ರೆಕ್ಕೆ ಕೆಲಸ ಮಾಡೋಕೆ ವೇಗ ಬೇಕು, ನಿಂತ ಕಾರಿಗೆ ರೆಕ್ಕೆ ಇದ್ದೂ ಇಲ್ಲದ ಹಾಗೆ. ಹೀರುವ ಫ್ಯಾನ್‌ಗೆ ಆ ಸಮಸ್ಯೆ ಇಲ್ಲ. ಭಾರ ಹೆಚ್ಚಿಸದೆ ಟೈರಿನ ಮೇಲಿನ ಒತ್ತಡ ಮಾತ್ರ ಹೆಚ್ಚಿಸೋದು, ಇಡೀ ದಾಖಲೆಯ ಗುಟ್ಟು ಇದೇ. ಕಾರಿನ ತೂಕ ಸುಮಾರು 140 ಕೆ.ಜಿ., ಪವರ್ 240 ಕಿಲೋವ್ಯಾಟ್.

ಎಂಜಿನಿಯರಿಂಗ್ ಆಗಿ ಇದು ಅದ್ಭುತ. ಆದರೆ ಈ ಸಂಖ್ಯೆ ನೋಡಿ ಯಾರೂ "ಪ್ರಪಂಚದ ಅತ್ಯುತ್ತಮ ಸ್ಪೋರ್ಟ್ಸ್ ಕಾರು ಜ್ಯೂರಿಕ್‌ನಲ್ಲಿದೆ" ಅನ್ನಲ್ಲ. ಒಂದು ಪ್ರಶ್ನೆಗೆ ಬರೆದ ಉತ್ತರ ಅದು. ಮನೆ ಮಂದಿಗೆಲ್ಲ ಮಾಡಿದ ಕಾರುಗಳೂ ಈಗ ಆ ಪ್ರಶ್ನೆಗೆ ಚೆನ್ನಾಗೇ ಉತ್ತರ ಬರೀತಿವೆ. ಪೋರ್ಷೆ 1996ರಲ್ಲಿ ತಂದ ಮೊದಲ ಬಾಕ್ಸ್‌ಸ್ಟರ್ 100ಕ್ಕೆ 6.9 ಸೆಕೆಂಡು ತಗೊಳ್ತಿತ್ತು. ಮಹೀಂದ್ರಾ ಬಿಇ 6 ಎಸ್‌ಯುವಿಗೆ ಕಂಪನಿ ಹೇಳೋದು 6.7. ಮಹೀಂದ್ರಾ ಬಗ್ಗೆ ನನಗೂ ಹೆಮ್ಮೆ ಇದೆ, ಆದರೆ ಬಾಕ್ಸ್‌ಸ್ಟರ್ ಏನು ಅಂತ ಈ ಎರಡು ನಂಬರ್ ಇಟ್ಟುಕೊಂಡು ಯಾರಿಗಾದ್ರೂ ವಿವರಿಸೋಕೆ ಆಗುತ್ತಾ?

ಗೂಳಿ ಮತ್ತು ಜಿಂಕೆ

ಈಗ ಮುಖ್ಯ ಲೆಕ್ಕ. ಸ್ಪೋರ್ಟ್ಸ್ ಕಾರು ಅಂದ್ರೆ ತಿರುವಿಗಾಗಿ ಮಾಡಿದ ಕಾರು ಅಂತ ನಾನು ಅಂದುಕೊಂಡಿದ್ದೀನಿ. ನೇರ ಓಡೋಕೆ ಮಾಡಿದ್ದು ಡ್ರ್ಯಾಗ್ ಕಾರು, ಅದರ ಲೋಕವೇ ಬೇರೆ.

ಒಂದು ಚೌಕಾಕಾರದ ಟ್ರ್ಯಾಕ್ ಕಲ್ಪಿಸಿಕೊಳ್ಳಿ. ತಲಾ 200 ಮೀಟರಿನ ನಾಲ್ಕು ನೇರ ರಸ್ತೆ, ಮೂಲೆಗಳಲ್ಲಿ 50 ಮೀಟರ್ ತ್ರಿಜ್ಯದ ನಾಲ್ಕು 90 ಡಿಗ್ರಿ ತಿರುವು. ಇದರಲ್ಲಿ ಎರಡು ಕಾರು. ಗೂಳಿ: ದೊಡ್ಡ ಎಂಜಿನ್, ನೇರದಲ್ಲಿ ಆಕ್ಸಿಲರೇಶನ್ 5 ಮೀ./ಸೆ.², ಆದರೆ ಸಾಧಾರಣ ಟೈರು, ಮ್ಯೂ 0.8. ಜಿಂಕೆ: ಸಣ್ಣ ಎಂಜಿನ್, ಆಕ್ಸಿಲರೇಶನ್ 4, ಒಳ್ಳೆ ಟೈರು, ಮ್ಯೂ 1. ಸೊನ್ನೆಯಿಂದ ನೂರಕ್ಕೆ ಗೂಳಿಗೆ 5.6 ಸೆಕೆಂಡು, ಜಿಂಕೆಗೆ 6.9. ಹಾಸ್ಟೆಲ್ ಚರ್ಚೆಯಲ್ಲಿ ಗೂಳಿ 1.4 ಸೆಕೆಂಡಿನಿಂದ ಗೆದ್ದು ಮಲಗಿಯೂ ಆಯ್ತು.

ತಿರುವಿನಲ್ಲಿ ಗರಿಷ್ಠ ವೇಗ ಅಂದ್ರೆ ಮ್ಯೂ, ಜಿ, ತ್ರಿಜ್ಯ ಮೂರರ ಗುಣಲಬ್ಧದ ವರ್ಗಮೂಲ. ಗೂಳಿಗೆ ಗಂಟೆಗೆ 71 ಕಿ.ಮೀ., ಜಿಂಕೆಗೆ 80. ಪ್ರತಿ ತಿರುವಿಗೆ ಗೂಳಿ 3.97 ಸೆಕೆಂಡು, ಜಿಂಕೆ 3.55. ಇದು ನಿರೀಕ್ಷೆ ಮಾಡಿದ್ದೇ.

ನೇರ ರಸ್ತೆಯಲ್ಲಿ? ಇಲ್ಲಿ ಗೂಳಿ ಬಾಕಿ ತೀರಿಸಿಕೊಳ್ಳಬೇಕು ತಾನೇ. ತಿರುವಿನಿಂದ ಹೊರಟು, ಪೂರ್ತಿ ಒತ್ತಿ, ಮುಂದಿನ ತಿರುವಿಗೆ ಬ್ರೇಕ್ ಹಾಕೋ ತನಕ ಲೆಕ್ಕ ಹಾಕಿದ್ರೆ ಗೂಳಿಗೆ 6.67 ಸೆಕೆಂಡು, ಜಿಂಕೆಗೆ 6.40. ನೇರ ರಸ್ತೆಯಲ್ಲೂ ಜಿಂಕೆಯೇ ಮುಂದೆ! ಎರಡೂ ಮುಟ್ಟೋ ಗರಿಷ್ಠ ವೇಗ ಹೆಚ್ಚುಕಮ್ಮಿ ಒಂದೇ, ಗಂಟೆಗೆ 145ರ ಆಸುಪಾಸು. ಆದರೆ ಜಿಂಕೆ 71ರ ಬದಲು 80ರಿಂದ ಹೊರಟಿದೆ, ಮತ್ತು ಬ್ರೇಕನ್ನ ತಡವಾಗಿ ಹಾಕುತ್ತೆ. ತಿರುವಿನಿಂದ ತಂದ ವೇಗ ನೇರ ರಸ್ತೆಯ ಉದ್ದಕ್ಕೂ ಬಡ್ಡಿ ಕೊಡುತ್ತೆ. ಒಂದು ಸುತ್ತಿಗೆ ಗೂಳಿ 42.5 ಸೆಕೆಂಡು, ಜಿಂಕೆ 39.8.

"ನೀನು ಜಿಂಕೆಗೆ ಒಳ್ಳೆ ಟೈರು ಕೊಟ್ಟೆ, ಮೋಸ" ಅಂತ ಯಾರಾದ್ರೂ ಅಂದ್ರೆ ಅದೂ ನ್ಯಾಯವೇ. ಎರಡಕ್ಕೂ 0.8ರ ಟೈರನ್ನೇ ಹಾಕಿ. ಆಗ ಗೂಳಿ ಗೆಲ್ಲುತ್ತೆ, ಒಂದು ಸುತ್ತಿಗೆ 0.95 ಸೆಕೆಂಡಿನಿಂದ. ಅಂದ್ರೆ ಈ ಟ್ರ್ಯಾಕಿನಲ್ಲಿ ಎಂಜಿನ್‌ನ ಬೆಲೆ ಸುತ್ತಿಗೆ ಒಂದು ಸೆಕೆಂಡಿಗೂ ಕಮ್ಮಿ. ಟೈರಿನ ಬೆಲೆ? ಜಿಂಕೆ 0.95 ಹಿಂದೆ ಇದ್ದದ್ದು 2.7 ಮುಂದೆ ಬಂತು, ಅಲ್ಲಿಗೆ 3.7 ಸೆಕೆಂಡು. ಎಂಜಿನ್‌ಗೆ ಬೆಲೆ ಇಲ್ಲ ಅಂತಲ್ಲ. ಸೊನ್ನೆಯಿಂದ ನೂರು ಅನ್ನೋ ನಂಬರ್‌ನಲ್ಲಿ ಅದು ದೊಡ್ಡದಾಗಿ ಕಾಣುತ್ತೆ, ಸುತ್ತಿನ ಸಮಯದಲ್ಲಿ ಸಣ್ಣದಾಗಿಬಿಡುತ್ತೆ.

ನೇರ ರಸ್ತೆ ಉದ್ದ ಆದ್ರೆ ಗೂಳಿಗೆ ಲಾಭ. ಎಷ್ಟು ಉದ್ದ? 500 ಮೀಟರಿಗೂ ಈ ಸರಳ ಲೆಕ್ಕದಲ್ಲಿ ಜಿಂಕೆ 0.2 ಸೆಕೆಂಡು ಮುಂದೆಯೇ ಇದೆ. ಅಲ್ಲಿಗೆ ವೇಗ 200 ದಾಟಿರುತ್ತೆ, ಗಾಳಿಯ ತಡೆ ಬಂದು ಸ್ಥಿರ ಆಕ್ಸಿಲರೇಶನ್ ಅನ್ನೋ ನನ್ನ ಊಹೆ ಮುರಿದುಬೀಳುತ್ತೆ, ಅದಕ್ಕೆ ಮುಂದೆ ಹೋಗಲ್ಲ. ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟ್‌ನಲ್ಲಿ ಒಂದು ಕಿಲೋಮೀಟರಿಗೂ ಉದ್ದದ ನೇರ ರಸ್ತೆ ಇದೆ, ಅಲ್ಲಿ ಪವರ್‌ಗೆ ನಿಜವಾಗಿ ಕೆಲಸ ಸಿಗುತ್ತೆ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಇಡೀ ಟ್ರ್ಯಾಕೇ ಎರಡು ಕಿ.ಮೀ. ಚಿಲ್ಲರೆ. ಅಲ್ಲಿ ಜಿಂಕೆಗಳ ರಾಜ್ಯ.

ಪಾಕೆಟ್ ಮನಿ ನಿಯಮ

ಇನ್ನೊಂದು ವಿಷಯ ಇದೆ, ಇದು ಸೊನ್ನೆಯಿಂದ ನೂರರಲ್ಲಿ ಕಾಣೋದೇ ಇಲ್ಲ. ಟೈರಿಗೆ ಇರೋ ಒಟ್ಟು ಹಿಡಿತ ಒಂದೇ, ತಿಂಗಳ ಪಾಕೆಟ್ ಮನಿ ಇದ್ದ ಹಾಗೆ. ತಿರುಗೋಕೆ ಖರ್ಚು ಮಾಡಿದ್ರೆ ಮುಂದೆ ನುಗ್ಗೋಕೆ ಕಮ್ಮಿ ಉಳಿಯುತ್ತೆ. ಇದನ್ನ ಫ್ರಿಕ್ಷನ್ ಸರ್ಕಲ್ ಅಂತಾರೆ. ಆದರೆ ಇಲ್ಲಿ ಕಳೆಯೋದು ಪೈಥಾಗೊರಸ್ ಲೆಕ್ಕದಲ್ಲಿ: ಹಿಡಿತದ ನೂರಕ್ಕೆ 80 ಭಾಗ ತಿರುವಿಗೆ ಹೋದ್ರೂ ಮುಂದೆ ಹೋಗೋಕೆ 20 ಅಲ್ಲ, 60 ಭಾಗ ಉಳಿಯುತ್ತೆ.

ಒಳ್ಳೆಯ ಡ್ರೈವರ್ ತಿರುವಿನ ಮಧ್ಯದಿಂದ ಹೊರಬರೋ ತನಕ ಸ್ಟಿಯರಿಂಗ್ ಬಿಚ್ಚುತ್ತಾ, ಆಕ್ಸಿಲರೇಟರ್ ಒತ್ತುತ್ತಾ ಈ ವೃತ್ತದ ಅಂಚಿನಲ್ಲೇ ಇರ್ತಾನೆ. ಅಲ್ಲಿ ಬೇಕಾಗಿರೋದು ಸಾವಿರ ಹಾರ್ಸ್‌ಪವರ್ ಅಲ್ಲ, ಪಾದ ಒಂದು ಮಿಲಿಮೀಟರ್ ಇಳಿದ್ರೆ ಎಷ್ಟು ಬಲ ಬರುತ್ತೆ ಅನ್ನೋದು ಗೊತ್ತಾಗೋ ಕಾರು. ಲಾಂಚ್ ಕಂಟ್ರೋಲ್ ಒತ್ತಿ ನೇರ ಹೋಗುವಾಗ ಡ್ರೈವರ್‌ಗೆ ಇರೋ ಕೆಲಸ ಕಾಲು ಅಲ್ಲಾಡಿಸದೆ ಕೂರೋದು.

ತೂಕದ ಮಾತು ಇಲ್ಲೇ ಹೇಳಬೇಕು. ಮೇಲೆ ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದುಹೋಯ್ತು ಅಂದೆನಲ್ಲ, ಅದು ಪಠ್ಯಪುಸ್ತಕದ ಘರ್ಷಣೆ. ನಿಜವಾದ ರಬ್ಬರಿನಲ್ಲಿ ಭಾರ ಹೆಚ್ಚಾದ ಹಾಗೆ ಮ್ಯೂ ಇಳಿಯುತ್ತೆ. ಭಾರದ ಕಾರಿಗೆ ಅಗಲದ ಟೈರು ಬೇಕು, ಅದಕ್ಕೆ ದೊಡ್ಡ ಚಕ್ರ ಬೇಕು, ದೊಡ್ಡ ಬ್ರೇಕು ಬೇಕು, ಅವೆಲ್ಲ ಸೇರಿ ಕಾರು ಇನ್ನೂ ಭಾರ. ಗಂಟೆಗೆ 200 ಕಿ.ಮೀ. ವೇಗದಿಂದ ನಿಲ್ಲಿಸೋಕೆ 1435 ಕೆ.ಜಿ. ಕಾರಿನಿಂದ 2.2 ಮೆಗಾಜೌಲ್ ತೆಗೀಬೇಕು, 2200 ಕೆ.ಜಿ. ಕಾರಿನಿಂದ 3.4. ಒಂದು ಸಲ ಪರವಾಗಿಲ್ಲ. ಪ್ರತಿ ತಿರುವಿಗೂ, ಪ್ರತಿ ಸುತ್ತಿಗೂ ಆದ್ರೆ?

ಇದರ ಉತ್ತರ ಜರ್ಮನಿಯ ನೂರ್‌ಬುರ್ಗ್‌ರಿಂಗ್‌ನಲ್ಲಿದೆ. 20.832 ಕಿ.ಮೀ. ಉದ್ದದ ಸುತ್ತು. 2021ರಲ್ಲಿ ಪೋರ್ಷೆ 911 ಜಿಟಿ3 ಅಲ್ಲಿ 6 ನಿಮಿಷ 59.9 ಸೆಕೆಂಡಿನ ಸುತ್ತು ಹಾಕಿತು. 510 ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ 3.4 ಸೆಕೆಂಡು, ತೂಕ ಆ 1435 ಕೆ.ಜಿ. ಅದೇ ವರ್ಷ ಮಾಡೆಲ್ ಎಸ್ ಪ್ಲೈಡ್ 7 ನಿಮಿಷ 35.6. ಪವರ್ 1020, ಜಿಟಿ3ಯ ಎರಡರಷ್ಟು. 2023ರಲ್ಲಿ ಅದೇ ಪ್ಲೈಡ್ 7 ನಿಮಿಷ 25.2ಕ್ಕೆ ಬಂತು. ಮೋಟರ್ ಅದೇ. ಕಾರ್ಬನ್ ಸೆರಾಮಿಕ್ ಬ್ರೇಕು, ಹೊಸ ಚಕ್ರ, ಹೊಸ ಟೈರು ಇರೋ ಟ್ರ್ಯಾಕ್ ಪ್ಯಾಕೇಜ್ ಹಾಕಿದ್ರು, ಗರಿಷ್ಠ ವೇಗದ ಮಿತಿಯನ್ನೂ ಏರಿಸಿದ್ರು. ಹತ್ತು ಸೆಕೆಂಡು ಅಲ್ಲಿಂದ ಬಂತು. ಆದರೂ ನಿಂತಲ್ಲಿಂದ ಹೊರಡೋದ್ರಲ್ಲಿ ಒಂದು ಸೆಕೆಂಡಿಗಿಂತ ಹಿಂದೆ ಇರೋ ಜಿಟಿ3, ಸುತ್ತಿನಲ್ಲಿ 25 ಸೆಕೆಂಡು ಮುಂದೆ.

ಪ್ಲೈಡ್ ಐದು ಜನ ಕೂರೋ ಸೆಡಾನ್, ಹೋಲಿಕೆ ಪೂರ್ತಿ ನ್ಯಾಯ ಅಲ್ಲ, ಗೊತ್ತು. ತಪ್ಪು ಬ್ಯಾಟರಿಯದೂ ಅಲ್ಲ. ಪೋರ್ಷೆಯ ಎಲೆಕ್ಟ್ರಿಕ್ ಕಾರು ಟೈಕಾನ್ ಟರ್ಬೊ ಜಿಟಿ ಅದೇ ಸುತ್ತನ್ನ 7 ನಿಮಿಷ 7.6 ಸೆಕೆಂಡಿಗೆ ಮುಗಿಸಿದೆ.

ನಿಧಾನವಾಗಿ ಮಾಡಿದ ಕಾರುಗಳು

ಸುತ್ತಿನ ಸಮಯವೇ ಎಲ್ಲ ಅಂತಾನೂ ನಾನು ಒಪ್ಪಲ್ಲ. ಹಾಗಂದ್ರೆ ಒಂದು ನಂಬರ್ ಬಿಟ್ಟು ಇನ್ನೊಂದು ನಂಬರ್‌ಗೆ ಜೋತುಬಿದ್ದಂಗೆ.

2012ರ ಟೊಯೋಟಾ ಜಿಟಿ86 ಕಥೆ ಇಲ್ಲಿ ಹೇಳಲೇಬೇಕು. ತೆತ್ಸುಯಾ ತಾದಾ ಅನ್ನೋ ಮುಖ್ಯ ಎಂಜಿನಿಯರ್ ಸುಬಾರು ಜೊತೆ ಸೇರಿ ಮಾಡಿದ ಕಾರು. 200 ಹಾರ್ಸ್‌ಪವರ್, ಟರ್ಬೊ ಇಲ್ಲ, ಸೊನ್ನೆಯಿಂದ ನೂರಕ್ಕೆ 7.6 ಸೆಕೆಂಡು. ಅದಕ್ಕೆ ಹಾಕಿದ್ದು 215 ಮಿ.ಮೀ. ಅಗಲದ ಮಿಶೆಲಿನ್ ಪ್ರೈಮಸಿ ಟೈರು, ಟೊಯೋಟಾದ ಪ್ರಿಯಸ್ ಹೈಬ್ರಿಡ್‌ಗೂ ಸಿಗ್ತಿದ್ದ ಟೈರು! ಮೇಲಿನ ಲೆಕ್ಕದ ಪ್ರಕಾರ ಇದು ಶುದ್ಧ ಹುಚ್ಚು: ಎಂಜಿನ್ನೂ ಸಣ್ಣದು, ಟೈರೂ ಸಾಧಾರಣ. ಆದರೆ ಬೇಕು ಅಂತಾನೇ ಮಾಡಿದ್ದು. ಹಿಡಿತ ಕಮ್ಮಿ ಇದ್ರೆ ಮಿತಿ ಕಮ್ಮಿ ವೇಗದಲ್ಲೇ ಸಿಗುತ್ತೆ. ಕಾರು ಜಾರೋದು, ಹಿಡಿಯೋದು, ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋದು ಇದೆಲ್ಲ ಸಾಮಾನ್ಯ ಡ್ರೈವರ್‌ಗೂ ಗೊತ್ತಾಗುತ್ತೆ. ಮ್ಯೂ 1.2ರ ಟೈರಿನಲ್ಲಿ ಅದೇ ಪಾಠ ಕಲೀಬೇಕಾದ್ರೆ ಅಪಾಯದ ವೇಗಕ್ಕೆ ಹೋಗಬೇಕು. ಮಜ್ದಾ ಎಂಎಕ್ಸ್-5 ಕೂಡ ಇದೇ ಜಾತಿ. 1989ರಲ್ಲಿ ಸುಮಾರು 115 ಹಾರ್ಸ್‌ಪವರ್‌ನಲ್ಲಿ ಶುರುವಾಗಿ, 2016ಕ್ಕೆ ಹತ್ತು ಲಕ್ಷ ಕಾರು ತಯಾರಾಗಿದ್ವು. ಡ್ರ್ಯಾಗ್ ರೇಸ್‌ನಲ್ಲಿ ಗೆಲ್ತೀನಿ ಅಂತ ಅದನ್ನ ಯಾರೂ ಕೊಂಡಿಲ್ಲ.

ದುಬಾರಿ ತುದಿಯಲ್ಲೂ ಇದೇ ಕಾಣುತ್ತೆ. ಮೆಕ್‌ಲಾರೆನ್ ಎಫ್1 ವಿನ್ಯಾಸ ಮಾಡಿದ ಗಾರ್ಡನ್ ಮರ್ರಿ, ತಮ್ಮ ಟಿ.50 ಕಾರನ್ನ ಟಾಪ್ ಸ್ಪೀಡ್ ಅಥವಾ ಆಕ್ಸಿಲರೇಶನ್ ದಾಖಲೆಗೆ ಮಾಡ್ತಿಲ್ಲ ಅಂತ ಬಹಿರಂಗವಾಗೇ ಹೇಳಿದ್ರು. ವಿ12 ಎಂಜಿನ್, ಸಾವಿರ ಕೆ.ಜಿ.ಗೂ ಕಮ್ಮಿ ತೂಕ, ಕೈಯಲ್ಲಿ ಹಾಕೋ ಆರು ಗೇರು. ಆ ಜಿಟಿ3ಯನ್ನೇ ತಗೊಳ್ಳಿ: ಆಟೋಮ್ಯಾಟಿಕ್ ಗೇರಲ್ಲಿ 3.4 ಸೆಕೆಂಡು, ಮ್ಯಾನ್ಯುಯಲ್‌ನಲ್ಲಿ 3.9. ಅರ್ಧ ಸೆಕೆಂಡು ನಿಧಾನ ಅಂತ ಕಂಪನಿಯೇ ಬರೆದು ಕೊಟ್ಟಿದೆ, ಆದರೂ ಮ್ಯಾನ್ಯುಯಲ್ ಬೇಕು ಅಂತ ಕೇಳೋರು ಇದ್ದಾರೆ.

ಹಾಗಾದ್ರೆ ಎಲ್ಲಿ ಬೇಕು?

ಈ ನಂಬರ್‌ನ ಪೂರ್ತಿ ಕಸದ ಬುಟ್ಟಿಗೆ ಹಾಕೋದು ಬೇಡ. ಹತ್ತು ಸೆಕೆಂಡಿನ ಕಾರುಗಳ ನಡುವೆ ಅದು ಇವತ್ತಿಗೂ ಎಂಜಿನ್ ಬಗ್ಗೆ ಸರಿಯಾಗೇ ಹೇಳುತ್ತೆ. ಪವರ್ ಮತ್ತು ತೂಕದ ಜೊತೆ ಇಟ್ಟು ಓದಿದ್ರೆ ಇನ್ನೂ ಚೆನ್ನ: ಶಕ್ತಿಯ ಲೆಕ್ಕದಿಂದ 3 ಸೆಕೆಂಡು ಬರಬೇಕಾದ ಕಾರು 4.5 ತಗೊಂಡ್ರೆ ಟ್ರ್ಯಾಕ್ಷನ್ ಸಮಸ್ಯೆ ಇದೆ ಅಂತ ಅರ್ಥ. ಕಾರು ಕೊಳ್ಳೋರು 80-120, 100-200, ಮತ್ತು 100ರಿಂದ ಸೊನ್ನೆಗೆ ಬ್ರೇಕಿಂಗ್ ದೂರ ಕೇಳಲಿ. ಬ್ರೇಕಿಂಗ್ ನಂಬರ್ ಬಗ್ಗೆ ಹಾಸ್ಟೆಲ್‌ನಲ್ಲಿ ಜಗಳ ಆಗಿದ್ದು ನಾನಂತೂ ಕೇಳಿಲ್ಲ. ಮ್ಯೂ 1 ಆದ್ರೆ 39 ಮೀಟರ್, 0.8 ಆದ್ರೆ 49. ಆ ಹತ್ತು ಮೀಟರಲ್ಲಿ ಏನು ನಿಂತಿರುತ್ತೆ ಅನ್ನೋದರ ಮೇಲೆ ಅದರ ಬೆಲೆ.

ಇದೆಲ್ಲ ಈಗ ಬರೆಯೋಕೆ ಕಾರಣ ಇದೆ. ನಮ್ಮ ಕ್ಯಾಂಪಸ್‌ನ ಫಾರ್ಮುಲಾ ತಂಡಕ್ಕೆ ಈ ಸೆಮಿಸ್ಟರ್ ಬಂದಿರೋ ಸ್ಪಾನ್ಸರ್ ದುಡ್ಡಿನಲ್ಲಿ ಎರಡರಲ್ಲಿ ಒಂದು ಆಗುತ್ತೆ: ಹೆಚ್ಚು ಪವರ್‌ನ ಮೋಟರ್, ಇಲ್ಲಾ ಹೊಸ ಟೈರು ಮತ್ತು ಟ್ರ್ಯಾಕ್ ಬಾಡಿಗೆಗೆ ತಗೊಂಡು ಟೆಸ್ಟಿಂಗ್. ಜೂನಿಯರ್‌ಗಳೆಲ್ಲ ಮೋಟರ್‌ಗೆ ಕೈ ಎತ್ತಿದ್ರು. ಸಸ್ಪೆನ್ಷನ್ ನೋಡಿಕೊಳ್ಳೋ ಫೈನಲ್ ಇಯರ್ ಅಣ್ಣ ಒಬ್ಬರು "ಲೋ, ಗಾಡಿ ಓಡೋದು ಟೈರ್ ಮೇಲೆ ಕಣ್ರೋ, ಬ್ರೋಶರ್ ಮೇಲಲ್ಲ" ಅಂದು ಎದ್ದು ಹೋದ್ರು. ವೋಟಿಂಗ್ ಇನ್ನೂ ಬಾಕಿ ಇದೆ.

ವೋಟು ಹಾಕೋ ಮೊದಲು ಫಾರ್ಮುಲಾ ಎಸ್‌ಎಇ ಅಂಕಪಟ್ಟಿ ನೋಡಿ. ಒಟ್ಟು 1000 ಅಂಕ. ನಿಂತಲ್ಲಿಂದ 75 ಮೀಟರ್ ನೇರ ಓಡೋ ಆಕ್ಸಿಲರೇಶನ್ ಸ್ಪರ್ಧೆಗೆ 100. ಎಂಟರ ಆಕಾರದಲ್ಲಿ ಸುತ್ತೋ ಸ್ಕಿಡ್‌ಪ್ಯಾಡ್‌ಗೆ 75, ಆಟೋಕ್ರಾಸ್‌ಗೆ 125, ಎಂಡ್ಯೂರೆನ್ಸ್‌ಗೆ 275, ಶಕ್ತಿ ಎಷ್ಟು ಕಮ್ಮಿ ಬಳಸಿದ್ರಿ ಅನ್ನೋದಕ್ಕೆ 100. ಉಳಿದದ್ದು ಡಿಸೈನ್, ಕಾಸ್ಟ್, ಪ್ರೆಸೆಂಟೇಶನ್. ಬೇರೆ ಬೇರೆ ದೇಶದ ಸ್ಪರ್ಧೆಗಳಲ್ಲಿ ಅಂಕ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತೆ, ತಿರುವಿನ ಕಡೆಗೆ ಇರೋ ಒಲವು ಮಾತ್ರ ಹಾಗೇ. ತಿರುವು ಇರೋ ಮೂರು ಸ್ಪರ್ಧೆ ಸೇರಿ 475, ನೇರಕ್ಕೆ 100. ಆ ನೂರರಲ್ಲೂ ಮೊದಲ ಕೆಲವು ಮೀಟರ್ ಟೈರಿನದೇ. ಟೈರು ಕೊಂಡ್ರೆ ಐದೂ ಕಡೆ ಏನೋ ಒಂದು ಸಿಗುತ್ತೆ. ಮೋಟರ್ ಕೊಂಡ್ರೆ ಒಂದು ಕಡೆ ಸಿಕ್ಕಿ, ತೂಕ ಮತ್ತು ಶಕ್ತಿಯ ಲೆಕ್ಕದಲ್ಲಿ ಇನ್ನೊಂದು ಕಡೆ ಹೋಗುತ್ತೆ. ನನ್ನ ವೋಟು ಟೈರಿಗೆ.

ನನ್ನ ಮಾತು ನಂಬಬೇಕಾಗಿಲ್ಲ. ಸಿಎಸ್‌ನವರಿಗೆ ಹೇಳಿದ ಕೆಲಸ ಇದು. ಗೂಳಿ-ಜಿಂಕೆ ಲೆಕ್ಕಕ್ಕೆ ಇಪ್ಪತ್ತು ಸಾಲಿನ ಪ್ರೋಗ್ರಾಂ ಸಾಕು. ತ್ರಿಜ್ಯ 50ರ ಬದಲು ಫಾರ್ಮುಲಾ ಟ್ರ್ಯಾಕಿಗೆ ಹೊಂದೋ ಹಾಗೆ 10 ಮೀಟರ್ ಹಾಕಿ, ನೇರ ರಸ್ತೆ 60 ಮೀಟರ್. ಒಂದು ಸಲ ಆಕ್ಸಿಲರೇಶನ್ ನೂರಕ್ಕೆ 10 ಏರಿಸಿ, ಇನ್ನೊಂದು ಸಲ ಮ್ಯೂ ನೂರಕ್ಕೆ 10 ಏರಿಸಿ, ಎರಡರಲ್ಲಿ ಯಾವುದು ಸುತ್ತಿನ ಸಮಯವನ್ನ ಜಾಸ್ತಿ ಇಳಿಸುತ್ತೆ ಅಂತ ನೋಡಿ. ಗ್ರಾಫ್ ಮಾಡಿದವರು ವೋಟಿಂಗ್‌ಗೆ ಮುಂಚೆ ವರ್ಕ್‌ಶಾಪ್ ಬಾಗಿಲಿಗೆ ಅಂಟಿಸಿ.